ಹುಳಿ ಕಾಗದ, ಸುಣ್ಣದ ಬೆರಳು

"ಅಕ್ಕಾ, ಅಪ್ಪಂದು ಒಂದು ಫೋಟೊ ನಿಮ್ಮ ಕಡಿ ಇದ್ರ ತರ್ತೀರೇನ್ರಿ?"

ಶಹಾಪುರದಿಂದ ಫೋನು ಬಂದಾಗ ನಾನು ಯಾದಗಿರಿಯ ನಮ್ಮ ಮನೆಯಲ್ಲಿ ಬೇಳೆ ತೊಳೆಯುತ್ತಿದ್ದೆ. ಮಾತಾಡುತ್ತಿದ್ದವಳು ನಾವು ಹಿಂದೆ ಬಾಡಿಗೆಗಿದ್ದ ಮನೆಯ ಮಗಳು, ಈಗ ಸುರಪುರದ ಸೊಸೆ. ಫೋಟೊ ಯಾಕೆ ಎಂದು ಕೇಳಬೇಕಾಗಲಿಲ್ಲ, ದನಿಯಲ್ಲೇ ತಿಳಿಯಿತು. ಅವಳ ಅಪ್ಪ, ನಾನು ಕಾಕಾ ಎಂದು ಕರೆಯುತ್ತಿದ್ದವರು, ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. "ಸಂಜಿಗಿ ಮಣ್ಣು. ಮೂರನೇ ದಿನಕ್ಕ ಫೋಟೊ ಇಡಬೇಕಲ್ರಿ. ಮನಿ ಎಲ್ಲಾ ಹುಡಿಕೀನಿ, ಒಂದೂ ಇಲ್ಲ."

ಊರ ಮಂದಿಯ ಫೋಟೊ ತೆಗೆದ ಮನುಷ್ಯನ ಮನೆಯಲ್ಲಿ ಅವರದೇ ಒಂದು ಫೋಟೊ ಇರಲಿಲ್ಲ. ಆಫೀಸಿನ ಗುರುತಿನ ಚೀಟಿಯಲ್ಲಿ ಉಗುರಿನಷ್ಟು ದೊಡ್ಡದೊಂದು ಇತ್ತು, ಅದರ ಒಂದು ಕೆನ್ನೆಯನ್ನು ಮುದ್ರೆ ತಿಂದಿತ್ತು. ನಾನೂ ನಮ್ಮ ಟ್ರಂಕು, ಆಲ್ಬಮ್ಮು ಎಲ್ಲ ತೆಗೆದು ನೋಡಿದೆ. ಅವರು ಮಾಡಿಕೊಟ್ಟ ಬೀಸುಕಲ್ಲಿನ ಚಿತ್ರವೊಂದು ಸಿಕ್ಕಿತು. ಅವರು ಸಿಗಲಿಲ್ಲ. ಮೂರನೇ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಶಹಾಪುರ ಬರುವವರೆಗೂ, ಕಾಕಾ ಹೇಗಿದ್ದರು ಎಂದು ಒಂದೊಂದೇ ನೆನಪಿಸಿಕೊಳ್ಳುತ್ತಾ ಹೋದೆ. ಇಲ್ಲಿ ಬರೆದಿರುವುದು ಅದೇ.

ಅವರು ಅಂದರೆ ನನಗೆ ಮೊದಲು ಕಾಣುವುದು ಬೆರಳು.

ನಾನು ಕೊಂಕಲ್ ಕಡೆಯವಳು. ಶಹಾಪುರದ ಶಾಲೆಗೆ ಟೀಚರಾಗಿ ಬಂದಾಗ ಅವರ ಮನೆಯ ಮುಂದಿನ ಎರಡು ಖೋಲಿ ನನಗೂ ನಮ್ಮ ಯಜಮಾನರಿಗೂ ಸಿಕ್ಕವು. ಹಿಂದಿನ ಭಾಗದಲ್ಲಿ ಅವರಿದ್ದರು. ನಡುವೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ, ಬಟ್ಟೆ ಒಣಗಿಸುವ ಹಗ್ಗ. ಆಗಿನ್ನೂ ಕಾಲುವೆಯ ಕೆಲಸ ನಡೆದಿತ್ತು. ಊರ ಸುತ್ತ ಮಣ್ಣು ಹೊರುವ ಲಾರಿ, ಜೀಪು, ಎಲ್ಲಿಂದಲೋ ಬಂದ ಇಂಜಿನಿಯರುಗಳು, ಅವರಿಗೆಂದೇ ಹುಟ್ಟಿಕೊಂಡ ಚಹಾದಂಗಡಿಗಳು. ಕಾಕಾ ಕಾಲುವೆ ಆಫೀಸಿನಲ್ಲಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದರು. ಕಬ್ಬಿಣದ ಉಪ್ಪು ಬಳಿದ ಕಾಗದವನ್ನು ನಕ್ಷೆಯ ಕೆಳಗಿಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಹಿಡಿದು, ಆಮೇಲೆ ನೀರಲ್ಲಿ ಜಾಲಾಡಿದರೆ ಕಾಗದವೆಲ್ಲ ನೀಲಿಯಾಗಿ ಗೆರೆಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ಆ ನೀಲಿ ಅವರ ಉಗುರಿನ ಸಂದಿ ಸೇರಿ ಅಲ್ಲೇ ಸಂಸಾರ ಹೂಡಿತ್ತು. ಓಣಿಯವರು ನೀಲಿ ಸಾಹೇಬ್ರು ಎನ್ನುತ್ತಿದ್ದರು. ಬಲಗೈಯ ಹೆಬ್ಬೆರಳಿಗೆ ಅಡ್ಡವಾಗಿ ಒಂದು ಹಳೆಯ ಗಾಯದ ಗೀರು, ಚೌಕಟ್ಟಿನ ಗಾಜು ಒಡೆದಾಗ ಆದದ್ದು. ಊಟಕ್ಕೆ ಕೂರುವಾಗ ದಿನಾ ಅದೇ ಮಾತು ಕೇಳಿಸುತ್ತಿತ್ತು.

"ಕೈ ತೊಳದ್ರಿ?"

"ತೊಳದೆ."

"ತೊಳದಂಗ ಕಾಣಾದಿಲ್ಲ."

ಕೇಳುತ್ತಿದ್ದವರು ಕಾಕು, ಅವರ ಹೆಂಡತಿ.

ಆ ನೀಲಿಗೆ ಸುಣ್ಣವೆಂದರೆ ಆಗದು ಎಂಬುದನ್ನು ನಾನು ತಿಳಿದದ್ದು ಕಾಕಾ ಹೇಳುತ್ತಿದ್ದ ಒಂದು ಕಥೆಯಿಂದ. ಯಾರೋ ದೊಡ್ಡ ಸಾಹೇಬರು ಬರುತ್ತಾರೆಂದು ಕಾಲುವೆ ಕೆಲಸದವರ ಕ್ಯಾಂಪಿನ ಗೋಡೆಗೆಲ್ಲ ಸುಣ್ಣ ಹೊಡೆಸಿ, ಹಸಿ ಆರುವ ಮೊದಲೇ ಕಾಲುವೆಯ ದೊಡ್ಡ ನೀಲಿ ನಕ್ಷೆಯನ್ನು ಅಂಟಿಸಿಬಿಟ್ಟರಂತೆ. ಬೆಳಗಾಗುವುದರೊಳಗೆ ಸುಣ್ಣ ತಾಗಿದ ಕಡೆಯೆಲ್ಲ ನೀಲಿ ಹೋಗಿ ತುಕ್ಕಿನ ಬಣ್ಣ ಬಂದು ಗೆರೆಗಳೇ ಮಾಯ. ಗೋಗಿಯ ರೈತರೊಬ್ಬರು ನಕ್ಷೆಯ ಮುಂದೆ ನಿಂತು, "ನಮ್ಮೂರ ಕಡಿ ನಿನ್ನಿ ಕಾಲುವಿ ಇತ್ತಲ್ರಿ, ರಾತ್ರ್ಯಾಗ ಯಾರು ತಿಂದ್ರು?" ಎಂದು ಕೇಳಿದರಂತೆ. ಕಾಕಾ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ತಾವೇ ನಗುತ್ತಿದ್ದರು.

ಆಮೇಲೆ ಆಫೀಸಿಗೆ ಬಿಸಿಲು ಬೇಡದೆ ಪ್ರತಿ ತೆಗೆಯುವ ಅಮೋನಿಯಾ ಯಂತ್ರ ಬಂತು. ಬಿಸಿಲಿನ ಚೌಕಟ್ಟುಗಳನ್ನು ಹರಾಜು ಹಾಕಿದಾಗ ಕಾಕಾ ಒಂದನ್ನು ಹಿಡಿದು, ಚಾದರ ಸುತ್ತಿ, ಸೈಕಲ್ಲಿನ ಮೇಲೆ ತಂದರು. ಕಟ್ಟೆಯ ಮೇಲೆ ಕೂತವರು, "ಏನ್ ಸಾಹೇಬ್ರ, ಕಿಟಕಿ ತಂದ್ರೇನು?" ಎಂದರೆ, "ಹೌದ್ರಿ, ಗ್ವಾಡಿ ಆಮ್ಯಾಲ ತರ್ತೀನಿ" ಎಂದು ಇಳಿಯದೆ ಹೋದರು.

ಅದನ್ನು ತಂದದ್ದು ಸುರಪುರದಲ್ಲಿ ನೋಡಿದ ಒಂದು ಚಿತ್ರದ ಸಲುವಾಗಿ. ರಜೆಯ ದಿನ ಕಟ್ಟಿಗೆಯ ಕ್ಯಾಮರಾ ಹಿಡಿದು ಊರವರ ಫೋಟೊ ತೆಗೆಯುತ್ತಿದ್ದ ಕಾಕಾರನ್ನು ಅಲ್ಲಿನ ಹಳೆಯ ವಾಡೆಯೊಂದರ ಮಂದಿ ತಮ್ಮ ಮುತ್ತಜ್ಜನ ಫೋಟೊದ ಪ್ರತಿ ತೆಗೆದುಕೊಡಿ ಎಂದು ಕರೆಸಿದ್ದರು. ಟ್ರಂಕಿನಲ್ಲಿದ್ದ ಬೇರೆ ಫೋಟೊಗಳೆಲ್ಲ ಹಳದಿಯಾಗಿ ಮುಖ ಕಳೆದುಕೊಂಡಿದ್ದವು. ಈ ಅಜ್ಜ ಮಾತ್ರ ಈಗಷ್ಟೇ ಬಂದು ಕೂತ ಹಾಗಿದ್ದ. ಚಿತ್ರದ ಮೇಲೆ ಮುಚ್ಚಿದ್ದ ತೆಳು ಹಾಳೆ ಎತ್ತಿದರೆ ಅದರ ಮೇಲೂ ಅದೇ ಅಜ್ಜನ ಕಂದು ನೆರಳು, ಮೀಸೆ ಸಮೇತ. ಕಾಕಾ ತಲೆ ಕೆಡಿಸಿಕೊಂಡರು. ಹೈದರಾಬಾದಿನಲ್ಲಿ ಪರಿಚಯದ ಫೋಟೊಗ್ರಾಫರರೊಬ್ಬರನ್ನು ಕೇಳಿದಾಗ, ಅದು ಬೆಳ್ಳಿಯಲ್ಲಿ ಮಾಡಿದ್ದಲ್ಲ, ಪ್ಲಾಟಿನಂನಲ್ಲಿ ಮಾಡಿದ್ದು, ಆ ಲೋಹ ಮಾಸುವುದಿಲ್ಲ, ಮೈಗೆ ತಾಗಿದ ಹಾಳೆಯನ್ನು ಮಾತ್ರ ನಿಧಾನವಾಗಿ ಕಂದಿಸುತ್ತದೆ ಎಂದು ಗೊತ್ತಾಯಿತು. ಅದಕ್ಕಿಂತ ಕಾಕಾರ ಕಿವಿ ನಿಮಿರಿದ್ದು ಇನ್ನೊಂದು ಮಾತಿಗೆ. ಆ ಚಿತ್ರವೂ ತಮ್ಮ ನೀಲಿ ನಕ್ಷೆಯಂತೆ ಕಬ್ಬಿಣದ ಉಪ್ಪಿನಿಂದಲೇ ಶುರುವಾಗುತ್ತದೆ. ಬಿಸಿಲು ಕಬ್ಬಿಣವನ್ನು ಬದಲಿಸುತ್ತದೆ, ಬದಲಾದ ಕಬ್ಬಿಣ ಪ್ಲಾಟಿನಮ್ಮನ್ನು ಕಾಗದದ ನಾರಿನೊಳಗೆ ಕೂರಿಸುತ್ತದೆ, ಕೂರಿಸಿದ ಮೇಲೆ ಕಬ್ಬಿಣವನ್ನು ತೊಳೆದು ಕಳಿಸಬೇಕು. "ನನ್ನ ಕೆಲಸಾನ ಅದು. ಬಣ್ಣ ಅಷ್ಟ ಬ್ಯಾರೆ" ಎಂದರು.

ಪ್ಲಾಟಿನಂ ಕೈಗೆಟುಕುವ ಮಾತಾಗಿರಲಿಲ್ಲ. ಅದರ ಜಾತಿಯದೇ ಪಲೇಡಿಯಂ ಎಂಬುದೊಂದಿದೆ, ಕಾಕಾ ಅದನ್ನು ಪ್ಲಾಟಿನಂನ ತಂಗಿ ಎನ್ನುತ್ತಿದ್ದರು. ಹೈದರಾಬಾದಿನಿಂದ ಅದರ ಉಪ್ಪು ಬೆರಳಷ್ಟುದ್ದದ ಶೀಶೆಯಲ್ಲಿ ಬರುತ್ತಿತ್ತು. ದೊಡ್ಡಕ್ಕ ಪ್ಲಾಟಿನಂನ ಉಪ್ಪು ಒಂದಿಷ್ಟು ಬಂದರೆ ಅದನ್ನೂ ಹನಿಯಷ್ಟು ಬೆರೆಸುವುದು. ಅವರು ಉಸಿರು ಬಿಗಿಹಿಡಿದು ಹನಿ ಎಣಿಸುವಾಗ ಕಾಕು ಬಾಗಿಲಲ್ಲಿ ನಿಂತು, "ಬಂಗಾರಕ್ಕಿಂತ ತುಟ್ಟಿದ್ದು ಕಾಗದಕ್ಕ ಬಳೀತಾರ. ಒಂದ್ ಹನಿ ನನ್ನ ಕಿವಿಗಿ ಹಾಕ್ರಿ, ಓಲಿ ಆದ್ರೂ ಆದೀತು" ಎನ್ನುತ್ತಿದ್ದರು. ಕಾಕಾರ ಎಣಿಕೆ ತಪ್ಪುತ್ತಿತ್ತು.

ಇಷ್ಟೆಲ್ಲ ಖಟಪಟಿ ಯಾಕೆಂದು ಓಣಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರಿಗೆ ಕಾಕುವಿನ ಒಂದು ಚಿತ್ರ ಮಾಡಬೇಕಿತ್ತು.

ಕಾಕುವಿಗೆ ಸಣ್ಣವರಿದ್ದಾಗ ಸಿಡುಬು ಬಂದು ಮುಖದ ತುಂಬ ಕುಳಿ ಉಳಿದಿದ್ದವು. ಮದುವೆಯಲ್ಲಿ ಫೋಟೊ ತೆಗೆದ ಸ್ಟುಡಿಯೋದವನು ಒಳ್ಳೆಯದೇ ಮಾಡುತ್ತೇನೆಂದು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಆ ಕುಳಿಗಳನ್ನೆಲ್ಲ ತುಂಬಿ ಕೊಟ್ಟ. ಗಂಡನ ಮನೆಯಲ್ಲಿ ಬಂದವರಿಗೆಲ್ಲ ಆ ಫೋಟೊ ತೋರಿಸುವುದು, ಅವರು ಎಷ್ಟು ಛಂದ ಎನ್ನುವುದು. ಕಾಕು ಒಂದು ದಿನ ಅದನ್ನು ಟ್ರಂಕಿನ ಅಡಿಗೆ ಹಾಕಿದವರು ಮತ್ತೆ ತೆಗೆಯಲಿಲ್ಲ, ಮತ್ತೆ ಕ್ಯಾಮರಾದ ಮುಂದೆ ಕೂರಲೂ ಇಲ್ಲ. "ಎದುರಿಗಿ ನಾ ಕುಂತೀನಿ, ಮಂದಿ ಫೋಟೊ ನೋಡಿ ಛಂದ ಅಂತಾರ. ಮತ್ತ ನಾ ಯಾಕ ಕುಂದರ್ಬೇಕು?" ಎಂದು ನನ್ನ ಮುಂದೆ ಒಮ್ಮೆ ಹೇಳಿದರು, ಮೆಂತ್ಯೆ ಸೊಪ್ಪು ಬಿಡಿಸುತ್ತಾ, ಸಿಟ್ಟೇನೂ ಇಲ್ಲದೆ.

ಕಾಕಾ ಹೇಳುತ್ತಿದ್ದುದು ಬೇರೆ. "ಆಕಿ ಮುಖ ಇದ್ದಂಗ ಬರಬೇಕವ್ವಾ. ಒಂದು ಕುಳಿನೂ ತುಂಬಿರಬಾರ್ದು. ಸ್ಟುಡಿಯೋದ ಮಿಂಚೋ ಕಾಗದದಾಗ ಅವು ಚುಚ್ಚಿದಂಗ ಕಾಣ್ತಾವ. ಇದರಾಗ ಹಂಗಲ್ಲ, ಬೆಳಕು ಕಾಗದದ ಒಳಗ ಇರ್ತದ. ಉತ್ತಿದ ಹೊಲದಾಗ ಮುಂಜಾನಿ ನೆಳ್ಳು ಬೀಳ್ತದಲ್ಲ, ಹಂಗ ಬೀಳ್ತದ."

ಈ ಮಾತು ಕಾಕುವಿನ ಕಿವಿಗೂ ಬಿದ್ದಿರಬೇಕು. ಆದರೆ ಅವರು ಸೋಲುವವರಲ್ಲ. ಮೊದಮೊದಲ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಏನ್ರಿ ಇದು, ಅರಿಶಿಣ ಚೆಲ್ಲಿದಂಗ ಅದ" ಎಂದು ನಕ್ಕು, ಆ ಕಲೆಯ ಮೇಲೇ ಒಂದು ಶರತ್ತು ಹಾಕಿದರು. "ಡಾಗಿಲ್ಲದ್ದೊಂದು ಕಾಗದ ತೋರಸ್ರಿ. ಅವತ್ತೇ ಕುಂದರ್ತೀನಿ."

ಅಲ್ಲಿಂದ ಶುರುವಾದದ್ದು ಕಾಗದದ ಬೆನ್ನು ಹತ್ತುವುದು. ಮೊದಲು ಕಾಕಾ ತಂದದ್ದು ಕೈಯಿಂದ ಮಾಡಿದ ಅರಳೆಯ ಕಾಗದ. ಬಹುಕಾಲ ಬಾಳಲೆಂದು ಅದರಲ್ಲಿ ಸುಣ್ಣದ ಪುಡಿ ಬೆರೆಸಿರುತ್ತಾರೆ. ಬಾಳುತ್ತದೆ, ನಿಜ, ಆದರೆ ಕಬ್ಬಿಣದ ಉಪ್ಪಿಗೆ ಸುಣ್ಣ ತಾಗಿತೋ, ಅದು ತುಕ್ಕಾಗಿ ನಾರಿಗೆ ಕಚ್ಚಿಕೊಳ್ಳುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಚಿತ್ರದ ಬಿಳಿಯೆಲ್ಲ ಹಳದಿ, ಕಪ್ಪೆಲ್ಲ ಒಲೆಯ ಬೂದಿ. ಆಫೀಸಿನ ಡ್ರಾಯಿಂಗ್ ಹಾಳೆಯಲ್ಲಿ ಮಾಡಿದರೆ ಕಪ್ಪು ಕಪ್ಪಾಗಿಯೇ ಬಂತು. ಆದರೆ ಅದು ಹುಟ್ಟಾ ಹುಳಿ ಕಾಗದ, ಒಳಗಿನ ಆಮ್ಲವೇ ವರ್ಷ ಕಳೆದಂತೆ ಅದನ್ನು ತಿನ್ನುತ್ತದೆ. ಹಳೆಯ ಕಟ್ಟಿನಿಂದ ಅಂಥದೇ ಒಂದು ಹಾಳೆ ತೆಗೆದು ನನ್ನ ಮುಂದೆ ಮಡಚಿದರು, ಪಟ್ಟನೆ ಮುರಿಯಿತು. "ನೋಡು, ಹಪ್ಪಳ. ಆಕಿ ಚಿತ್ರಾನ ಹಪ್ಪಳದ ಮ್ಯಾಲ ಮಾಡ್ಲೇನು?"

ಕಾಗದ ಕೊಳ್ಳಲು ಯಾದಗಿರಿಯ ಸ್ಟೇಷನ್ ಬಜಾರಿಗೆ ಹೋದರೆ ಹಾಳೆಯ ಮೂಲೆಗೆ ನಾಲಿಗೆ ತಾಗಿಸಿ ನೋಡುತ್ತಿದ್ದರು. ಸುಣ್ಣದ ಕಾಗದವಾದರೆ ನಾಲಿಗೆ ಒಣಗಿ ಹಿಡಿದುಕೊಳ್ಳುತ್ತದಂತೆ. ಅಂಗಡಿಯವರು ದೂರದಿಂದಲೇ, "ಬಂದ್ರಪಾ ನೆಕ್ಕೋ ಸಾಹೇಬ್ರು. ಉಪ್ಪು ಖಾರ ಹಾಕಿ ಕೊಡ್ಲೇನ್ರಿ?" ಎನ್ನುತ್ತಿದ್ದರು. ಕಾಕಾ ಗಂಭೀರವಾಗಿ, "ಇದಕ್ಕ ಉಪ್ಪು ಮುಂದಾತು, ಬ್ಯಾರೆ ತೋರಸ್ರಿ" ಎನ್ನುತ್ತಿದ್ದರು. ಒಮ್ಮೆ ನಾನೇ ಜೊತೆಗಿದ್ದೆ, ನನಗೆ ನಾಚಿಕೆಯಾಗಿ ಪಕ್ಕದ ಬಳೆ ಅಂಗಡಿಗೆ ಹೋಗಿ ನಿಂತೆ.

ಕೊನೆಗೆ ಹಿಡಿದ ದಾರಿ ಇದು. ಅರಳೆಯ ಕಾಗದವನ್ನೇ ತರುವುದು, ಹುಳಿ ನೀರಲ್ಲಿ ನೆನೆಹಾಕಿ ಅದರೊಳಗಿನ ಸುಣ್ಣ ಕಳೆಯುವುದು, ಒಣಗಿಸಿ ಚಿತ್ರ ಮಾಡುವುದು, ಚಿತ್ರವಾದ ಮೇಲೆ ಹುಳಿಯೂ ಉಳಿಯದಂತೆ ತೊಳೆಯುವುದು. "ಹಾಲಿಗಿ ಹೆಪ್ಪು ಹಾಕಿದಂಗವ್ವಾ. ಹುಳಿ ಇಲ್ಲಂದ್ರ ಚಿತ್ರ ಕೂಡಾದಿಲ್ಲ. ಕೂತ ಮ್ಯಾಲ ಹುಳಿ ಹಂಗೇ ಬಿಟ್ರ ಕಾಗದ ಕೆಡ್ತದ." ಆ ಹುಳಿ ನಿಂಬೆ ಹುಣಸೆಯದಲ್ಲ, ತುಕ್ಕು ತೆಗೆಯುವ ವಿಷದ ಹುಳಿ. ಅದರ ತಟ್ಟೆಯ ಮೇಲೆ ಹಲಗೆ ಮುಚ್ಚಿ ಮೇಲೊಂದು ಕಲ್ಲು ಹೇರಿ ಆಫೀಸಿಗೆ ಹೋಗುತ್ತಿದ್ದರು.

ನೆನೆಯಿತು, ಸರಿ. ಕಾಗದ ಜಾಲಾಡಿದ್ದು ಎಲ್ಲಿ? ಮನೆಯ ಬಾವಿಯ ನೀರಲ್ಲಿ. ನಮ್ಮ ಕಡೆಯ ಬಾವಿಯ ನೀರು ಹೇಗೆಂದು ಬಚ್ಚಲ ಹಂಡೆಯ ಒಳಮೈ ನೋಡಿದರೆ ತಿಳಿಯುತ್ತದೆ, ಬಿಳಿಯ ಪೊರೆ ಉಳಿಯಿಂದ ಕೆತ್ತಿದರೂ ಏಳುವುದಿಲ್ಲ. ತೆಗೆದ ಸುಣ್ಣ ಹಿಂದಿನ ಬಾಗಿಲಿಂದ ಮತ್ತೆ ಕಾಗದಕ್ಕೆ ಬರುತ್ತಿತ್ತು. ಕಾಕಾ ದಾರಿ ಕಾಣದೆ ಊಟಕ್ಕೆ ಕೂತಿದ್ದ ಒಂದು ದಿನ ಕಾಕು ಸಾರು ಬಡಿಸುತ್ತಾ, "ಇವತ್ತ ಬ್ಯಾಳಿ ಹ್ಯಾಂಗ ಕರಗ್ಯಾದ ನೋಡ್ರಿ. ಕಾಲುವಿ ನೀರು. ಬಾವಿ ನೀರಾಗ ದಿನಾ ಕುದ್ದ್ರೂ ಕಲ್ಲಾಗೇ ಇರ್ತದ" ಎಂದರು. ಕಾಕಾರ ಕೈಯ ತುತ್ತು ಅಲ್ಲೇ ನಿಂತಿತು. ಸಂಜೆ ಕಾಲುವೆಯಿಂದ ಕೊಡ ಬಂದವು. ಕೆಂಪು ನೀರನ್ನು ತಿಳಿಯಾಗಲು ಬಿಟ್ಟು, ಹಳೆಯ ಧೋತರದಲ್ಲಿ ಸೋಸಿ, ಕಾಗದ ತೊಳೆದರು. ಆ ವಾರದ ಚಿತ್ರದಲ್ಲಿ ಹಳದಿ ಇರಲಿಲ್ಲ. ಕಪ್ಪು ಹೊಸ ಎರೆಮಣ್ಣಿನ ಹಾಗಿತ್ತು, ಬಿಳಿ ಹಾಲಿನ ಕೆನೆಯ ಹಾಗಿತ್ತು. ಅಲ್ಲಿಂದ ಮುಂದೆ ಕಾಲುವೆ ಬಂದ್ ಆದ ತಿಂಗಳುಗಳಲ್ಲಿ ಕಾಕಾರ ಕೆಲಸವೂ ಬಂದ್. ನೀರು ಬಿಟ್ಟರು ಎಂದು ತಿಳಿದರೆ ರೈತರಿಗಿಂತ ಮೊದಲು ಇವರು ಕೊಡ ಹಿಡಿದು ದಂಡೆಯಲ್ಲಿ.

ಆದರೆ ಒಂದು ಕಲೆ ಉಳಿಯಿತು. ಚಿತ್ರವೆಲ್ಲ ಸ್ವಚ್ಛ, ಒಂದು ಮೂಲೆಯಲ್ಲಿ ಮಾತ್ರ ಕಂದು ಹಳದಿಯ ಒಂದು ಗುರುತು, ಹುಣಸೆ ಬೀಜದಷ್ಟು. ಪ್ರತಿ ಕಾಗದದಲ್ಲೂ. ಕಾಕು ಕಾಗದ ಕೈಗೆ ತೆಗೆದುಕೊಂಡ ಕೂಡಲೇ ಆ ಮೂಲೆಗೆ ನೋಡಿ, "ಡಾಗು ಅದಲ್ರಿ ಇನ್ನೂ" ಎಂದು ಹಿಂದೆ ಕೊಡುತ್ತಿದ್ದರು. ಕಾಕಾ ಬ್ರಷ್ಷು ಬದಲಿಸಿದರು, ಗಾಜು ತಿಕ್ಕಿದರು, ತಟ್ಟೆ ಬದಲಿಸಿದರು. ಕಲೆ ಮಾತ್ರ ಬಾಡಿಗೆ ಮನೆ ಬಿಡದವರ ಹಾಗೆ ಕೂತಿತ್ತು.

ಕಾಗದ ನೆನೆಹಾಕಿ ಕಾಕಾ ಆಫೀಸಿಗೆ ಹೋದ ಮೇಲೆ, ಬೇವಿನ ನೆರಳು ಬಾವಿಕಟ್ಟೆಗೆ ಬಂದಾಗ ಅದನ್ನು ಎತ್ತಿ ಕಾಲುವೆ ನೀರಲ್ಲಿ ಜಾಲಾಡಿ ಹಗ್ಗಕ್ಕೆ ಹಾಕುವುದು ಕಾಕುವಿನ ಕೆಲಸ. ಹುಳಿಯ ತಟ್ಟೆಯಿಂದ ಎತ್ತಲು ಬಿದಿರಿನ ಚಿಮಟಿಗೆ, ಜಾಲಾಡಿದ ಮೇಲೆ ಕೈ. ಬಲಗೈಯಲ್ಲಿ ಮೂಲೆ ಹಿಡಿದು, ಎಡ ಅಂಗೈಯನ್ನು ಕೆಳಗೆ ಕೊಟ್ಟು, ಮಲಗಿದ ಕೂಸನ್ನು ಎತ್ತಿದ ಹಾಗೆ ಎತ್ತುತ್ತಿದ್ದರು. ಕಾಕುವಿಗೆ ಎಲೆ ಅಡಿಕೆಯ ಅಭ್ಯಾಸ. ಸೊಂಟದಲ್ಲಿ ಸದಾ ಹಿತ್ತಾಳೆಯ ಸುಣ್ಣದ ಡಬ್ಬಿ. ಎಲೆಗೆ ಸುಣ್ಣ ತೀಡಿ ತೀಡಿ ಅವರ ಹೆಬ್ಬೆರಳಿನ ತುದಿ ಯಾವಾಗಲೂ ಬೆಳ್ಳಗೇ ಇರುತ್ತಿತ್ತು. ನಾನು ದಿನವೂ ನೋಡುತ್ತಿದ್ದೆ, ನನಗೇನೂ ಹೊಳೆದಿರಲಿಲ್ಲ.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಕಾಕಾ ಊಟಕ್ಕೆ ಬಂದವರು ನಮ್ಮ ಬಾಗಿಲಿಗೆ ಬಂದರು. "ಯವ್ವಾ, ಒಂಚೂರು ಅರಿಶಿಣ ಕೊಡು." ಹಿಂದೆಯೇ ಅವರ ಅಡುಗೆಮನೆಯಿದೆ, ಅಲ್ಲಿ ಅರಿಶಿನದ ದೊಡ್ಡ ಡಬ್ಬಿಯಿದೆ, ನನ್ನನ್ನು ಯಾಕೆ ಕೇಳುತ್ತಾರೆ ಅಂದುಕೊಂಡೇ ಕೊಟ್ಟೆ. ಕಾಕು ಆಚೆ ಮನೆಗೆ ಹೋಗಿದ್ದರು. ಆಗಷ್ಟೇ ತೂಗುಹಾಕಿದ ಕಾಗದಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಕಾ ಅರಿಶಿನ ಕಲಸಿ, ಒಂದು ಹಾಳೆಯ ಮೇಲೆ ಬ್ರಷ್ಷಿನಿಂದ ಎಳೆದರು. ಹಾಳೆಯೆಲ್ಲ ಹಳದಿಯಾಗಿಯೇ ಉಳಿಯಿತು. ಮೂಲೆಗೆ ಬಂದಾಗ ಬ್ರಷ್ಷಿನ ಅಡಿಯಲ್ಲಿ ಕೆಂಪು ಎದ್ದಿತು. ಆರತಿಯ ನೀರಿಗೆ ಅರಿಶಿನ ಸುಣ್ಣ ಕೂಡಿಸಿದಾಗ ಬರುತ್ತದಲ್ಲ, ಅದೇ ಕೆಂಪು. ನೋಡನೋಡುತ್ತ ಗೆರೆ ಗೆರೆಯಾಗಿ ಒಂದು ಹೆಬ್ಬೆಟ್ಟು ಮೂಡಿತು.

ಕಾಕುವಿನ ಬೆಳ್ಳನೆಯ ಬೆರಳ ತುದಿ ನನಗೆ ಆಗ ನೆನಪಾಯಿತು. ಕೇರಿಯಲ್ಲಿ ಯಾರೋ ಕೋಳಿ ಓಡಿಸುತ್ತಿದ್ದರು.

"ಹೇಳಿಬಿಡ್ರಿ ಕಾಕಾ. ಕೈ ತೊಳಕೊಂಡು ಹಾಕ್ತಾರ, ಮುಗೀತಲ್ರಿ" ಎಂದೆ.

ಕಾಕಾ ಆ ಹಾಳೆಯನ್ನು ಹಗ್ಗದಿಂದ ಬಿಡಿಸಿ ನಾಲ್ಕಾಗಿ ಮಡಚಿದರು. "ಮುಖದ ಮ್ಯಾಲ ಡಾಗು ಅಂತ ಮಂದಿ ಅಂದ್ರು. ಈಗ ಕೈಗೂ ಡಾಗು ಅಂತ ನಾ ಅನ್ನಲೇನು?" ಹಾಳೆ ಅಂಗಿಯ ಜೇಬಿಗೆ ಹೋಯಿತು. "ನೀನೂ ಅನ್ನಬ್ಯಾಡ."

ಅಂದಿನಿಂದ ಕಾಕಾ ನಿಂಬೆಹಣ್ಣು ಇಷ್ಟಪಡತೊಡಗಿದರು. ಜನ್ಮದಲ್ಲಿ ಸಾರಿಗೆ ಹುಳಿ ಹಿಂಡಿಕೊಳ್ಳದ ಮನುಷ್ಯ, ದಿನಾ ಮಧ್ಯಾಹ್ನ ತಾಟಿನಲ್ಲಿ ನಿಂಬೆಯ ಹೋಳು ಬೇಕು ಎನ್ನತೊಡಗಿದರು. ಊಟ ಮುಗಿಸಿ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುವುದು, ಹಗ್ಗದ ಬಳಿ ಒಂದು ಗಳಿಗೆ ನಿಂತು ಒಂದೊಂದು ಕಾಗದದ ಮೂಲೆಗೂ ಹೋಳು ಒತ್ತುವುದು, ನೀರು ಚಿಮುಕಿಸುವುದು, ಸೈಕಲ್ ಹತ್ತುವುದು. ಸುಣ್ಣವಿದ್ದಲ್ಲಿ ಹುಳಿ ಸೇರಿ ಸರಿಹೋಗಲಿ ಎಂದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತರೆ ಕೈ ಹಿಂದಕ್ಕೆ. ನಾನು ಕಿಟಕಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ನಿಂಬೆ ಒಮ್ಮೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು, ಕಲೆ ತೆಳ್ಳಗಾಯಿತು, ದಪ್ಪಗಾಯಿತು.

ಒಂದು ಭಾನುವಾರ ಬಂತು, ಕಲೆಯಿಲ್ಲದ ಚಿತ್ರ. ಅಂಗಳದ ಬೀಸುಕಲ್ಲು, ಅದರ ಗೂಟ, ಗೂಟದ ನೆರಳು, ಕಲ್ಲಿನ ಅಂಚಿಗೆ ಅಂಟಿದ ಹಿಟ್ಟು. ನಾಲ್ಕು ಮೂಲೆಯೂ ಸ್ವಚ್ಛ. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ, ಮೊರ ಅಲ್ಲೇ ಇಟ್ಟೆ. ಕಾಕು ಕೈ ಒರೆಸಿಕೊಂಡು ತೆಗೆದುಕೊಂಡರು. ಚಿತ್ರ ನೋಡಲಿಲ್ಲ, ಮೂಲೆ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ಗಂಡನ ಮುಖ ನೋಡಿದರು.

"ನಿಂಬಿಹಣ್ಣು ಭಾಳ ರುಚಿ ಹತ್ತಿತ್ತಲ್ರಿ ಇತ್ತಿತ್ಲಾಗ."

ಕಾಕಾ ಬೇವಿನ ಮರದ ಕಡೆ ನೋಡಿದರು.

"ಸಿಪ್ಪಿ ಎಲ್ಲಾ ಹಗ್ಗದ ಬುಡಕ ಒಗದೀರಿ. ಕಸ ಹೊಡಿಯಾಕಿ ನಾನಲ್ಲೇನು?"

"ನಿನಗ ತಿಳಿದಿತ್ತೇನು ಹಂಗಾದ್ರ?"

"ಹೆಬ್ಬೆಟ್ಟು ಒತ್ತಿ ಒತ್ತಿ ರೇಷನ್ ತಂದಾಕಿ ನಾ. ನನ್ನ ಹೆಬ್ಬೆಟ್ಟು ನನಗ ಗುರ್ತ ಹತ್ತಾದಿಲ್ಲೇನು? ಮೊದಲನೇ ಕಾಗದದಾಗೇ ಕಂಡದ."

"ಮತ್ತ ಹೇಳಲಿಲ್ಲ?"

"ನೀವು ಏನಂತೀರಿ ನೋಡೋಣು ಅಂತ ಕುಂತಿದ್ದೆ." ಕಾಕು ಚಿತ್ರವನ್ನು ನನ್ನ ಕೈಗೆ ಕೊಟ್ಟು, ಸೊಂಟದ ಡಬ್ಬಿ ತೆಗೆದು, ಎಲೆಗೆ ಸುಣ್ಣ ತೀಡುತ್ತಾ ಹೇಳಿದರು. "ಇಷ್ಟ್ ದಿನ ಆತು, ಒಂದ್ ಸಲನೂ ನಿನ್ನ ಕೈದು ಅನ್ಲಿಲ್ಲ ನೀವು. ನಾಳಿ ಮುಂಜಾನಿ ಕುಂದರ್ತೀನಿ. ಕಾಗದ ಮಾತ್ರ ನಾನೇ ಹಗ್ಗಕ್ಕ ಹಾಕಾಕಿ. ಅದಕ್ಕ ನಿಂಬಿ ಮುಟ್ಟಿಸಬ್ಯಾಡ್ರಿ."

ಆ ಬೀಸುಕಲ್ಲಿನ ಚಿತ್ರವೇ ನನ್ನಲ್ಲಿರುವುದು. ಅವತ್ತು ನನ್ನ ಕೈಗೆ ಬಂದದ್ದನ್ನು ಯಾರೂ ಹಿಂದೆ ಕೇಳಲಿಲ್ಲ.

ಕಾಕು ಕೂತದ್ದನ್ನು ನಾನು ನೋಡಿದೆ. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ, ದಿನದ ಸೀರೆಯಲ್ಲೇ, ಮಡಿಲಲ್ಲಿ ಸುಣ್ಣದ ಡಬ್ಬಿ. ಕಾಕಾ ಕಟ್ಟಿಗೆಯ ಕ್ಯಾಮರಾದ ಹಿಂದೆ ಕರಿ ಬಟ್ಟೆಯೊಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲ. "ಒಳಗ ನಿದ್ದಿ ಹತ್ತಿತೇನ್ರಿ?" ಎಂದು ಕಾಕು ಕೇಳಿದ್ದು, ತುಟಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಆಗ ತೆಗೆದರು. ಕಾಗದ ತಯಾರಾದ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ಚಿತ್ರ ತಟ್ಟೆಯ ನೀರಲ್ಲಿ ತೇಲುತ್ತಿತ್ತು. ಒಂದೂ ಕುಳಿ ತುಂಬಿರಲಿಲ್ಲ. ಕಾಕಾ ಹೇಳಿದ ಹಾಗೆಯೇ, ಉತ್ತ ಹೊಲದ ಮೇಲೆ ಮುಂಜಾನೆಯ ನೆರಳು. ಕೆಳಗಿನ ಎರಡು ಮೂಲೆಗಳಲ್ಲಿ ಎರಡು ಕಂದು ಕಲೆ. ಸಂಭ್ರಮಕ್ಕೆ ಕಾಕು ಎರಡೂ ಕೈಯಿಂದ ಎತ್ತಿರಬೇಕು ಅಂದುಕೊಂಡೆ. ಮುಂದೆ ನಮಗೆ ಯಾದಗಿರಿಗೆ ವರ್ಗವಾಯಿತು. ಹೋದಾಗಲೆಲ್ಲ ಗೋಡೆಯ ಮೇಲೆ ಆ ಚಿತ್ರ ನೋಡುತ್ತಿದ್ದೆ. ಅಂಚು ಮುಚ್ಚುವ ರಟ್ಟು ಹಾಕದೆ ಕಟ್ಟು ಹಾಕಿಸಿದ್ದರು, ಕಲೆಗಳೂ ಕಾಣುವಂತೆ.

ಮೂರನೇ ದಿನ ಹೋದಾಗಲೂ ಅದು ಗೋಡೆಯ ಮೇಲಿತ್ತು. ಕೆಳಗೆ ಮಣೆಯ ಮೇಲೆ ಹೊಸ ಕಟ್ಟಿನ ಒಂದು ಫೋಟೊ. ಅಳಿಯ ಗುರುತಿನ ಚೀಟಿಯದನ್ನೇ ಯಾದಗಿರಿಯಲ್ಲಿ ದೊಡ್ಡದು ಮಾಡಿಸಿ ತಂದಿದ್ದ. ಅಂಗಡಿಯವನು ಕಂಪ್ಯೂಟರಿನಲ್ಲಿ ಮುದ್ರೆ ಅಳಿಸಿ, ಕೆನ್ನೆ ನುಣುಪು ಮಾಡಿ, ತುಟಿಗೆ ಸ್ವಲ್ಪ ಬಣ್ಣವನ್ನೂ ಕೊಟ್ಟಿದ್ದ. ಕಾಕು ಗೋಡೆಗೊರಗಿ ಕೂತಿದ್ದರು. ಅದನ್ನು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದರು.

"ಇವರ್ಯಾರು?"

"ಅಪ್ಪಲ್ಲೇನವ್ವಾ" ಎಂದಳು ಮಗಳು.

"ತುಂಬ್ಯಾರ" ಎಂದು ಕಾಕು ಅದನ್ನು ಬೋರಲು ಇಟ್ಟರು. ಆಮೇಲೆ ನನ್ನ ಕಡೆ ನೋಡಿ, "ಯವ್ವಾ, ಗ್ವಾಡಿ ಮ್ಯಾಲಿಂದು ಇಳಸು" ಎಂದರು.

ನಾನು ಕುರ್ಚಿ ಹತ್ತಿ ಇಳಿಸಿದೆ. ಮಣೆಯ ಮೇಲೆ ಇಡಲು ಹೇಳಿದರು. ಮಗಳು ಗಾಬರಿಯಾದಳು. "ಯವ್ವಾ, ಜೀವಂತ ಇದ್ದವರ ಫೋಟೊಕ್ಕ ಹಾರ ಹಾಕ್ತಾರೇನು?"

"ನನಗ ಯಾರು ಹಾಕ್ರಿ ಅಂದಾರ?" ಕಾಕು ಮುಂದೆ ಬಾಗಿ ಗಾಜಿನ ಬಲಗಡೆಯ ಮೂಲೆ ಮುಟ್ಟಿದರು. "ಇದು ನಂದು." ಎಡಗಡೆಯ ಮೂಲೆ ಮುಟ್ಟಿದರು. "ಇದು ಅವರದು."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಇಷ್ಟು ವರ್ಷ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗಡೆಯ ಕಲೆ ಸ್ವಲ್ಪ ದೊಡ್ಡದು, ಹೆಬ್ಬೆಟ್ಟಿನ ಗೆರೆಗಳ ನಡುವೆ ಅಡ್ಡವಾಗಿ ಒಂದು ಬಿಳಿಯ ಗೀರು. ಗಾಜು ಕೊಯ್ದ ಗೀರು.

"ನಾ ಕಾಗದ ಹಗ್ಗಕ್ಕ ಹಾಕಿ ಹಿಂದ ತಿರುಗಿದ್ರ, ಇವರು ನನ್ನ ಡಬ್ಬ್ಯಾಗ ಬೆರಳು ಅದ್ದಾಕತ್ಯಾರ. ಎಲಿ ತಿನ್ನದ ಮನುಷ್ಯಾ, ಸುಣ್ಣ ಯಾಕ್ರಿ ಅಂದೆ." ಕಾಕು ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಫೋಟೊದಾಗ ಒಬ್ಬಾಕೇ ಯಾಕ ಕುಂದರ್ತಿ, ನಾನೂ ಬರ್ತೀನಿ ಅಂದ್ರು."

ಮಗಳು ಸೇವಂತಿಗೆಯ ಹಾರ ಹಿಡಿದು ನಿಂತೇ ಇದ್ದಳು. ಕಾಕು ಅದನ್ನು ಇಸಿದುಕೊಂಡು, ಎರಡು ಸುತ್ತು ಮಡಚಿ ಸಣ್ಣದು ಮಾಡಿ, ಕಟ್ಟಿನ ಎಡಗಡೆಯ ಕೆಳಮೂಲೆಗೆ ಮಾತ್ರ ಸಿಕ್ಕಿಸಿದರು. ಮಧ್ಯಾಹ್ನ ಬಂದವರು ಕೈಯಲ್ಲಿ ಹೂ ಹಿಡಿದು, ಚಿತ್ರದೊಳಗಿನ ಕಾಕುವನ್ನೂ ಗೋಡೆಗೊರಗಿದ ಕಾಕುವನ್ನೂ ನೋಡಿ ಏನೂ ತಿಳಿಯದೆ ನಿಲ್ಲುತ್ತಿದ್ದರು. ಕೂತಲ್ಲಿಂದಲೇ ಕಾಕು ಹೇಳುತ್ತಿದ್ದರು, "ಆ ಮೂಲಿಗಿ ಹಾಕ್ರಿ. ಅಲ್ಲೇ ಕುಂತಾರ."